ಮೊದಲು ನೂರು ವ್ಯಾಟ್ ಬಲ್ಬು

ಕಳೆದ ತಿಂಗಳು ಡೊಂಬಿವಲಿಯ ನನ್ನ ರಿಪೇರಿ ಅಂಗಡಿಗೆ ಕುಂದಾಪುರದ ಕಡೆಯ ಹುಡುಗನೊಬ್ಬ ಬಂದಿದ್ದ. ಹಗಲು ಹೋಟೆಲಿನ ಗಲ್ಲಾದಲ್ಲಿ ಕೆಲಸ, ರಾತ್ರಿ ಖೋಲಿಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಕೆ. “ಅಣ್ಣ, ಸ್ವಲ್ಪ ಹಣ ಕೂಡಿಟ್ಟಿದ್ದೇನೆ. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಆಸಿಲೋಸ್ಕೋಪ್ ತರಲೇ?” ಎಂದು ಕೇಳಿದ. ಲ್ಯಾಮಿಂಗ್ಟನ್ ರೋಡ್ ಮುಂಬಯಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ, ಆಸಿಲೋಸ್ಕೋಪ್ ಎಂದರೆ ವೋಲ್ಟಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ. ವೋಲ್ಟ್, ಕರೆಂಟ್ ಅಳೆಯುವ ಮಲ್ಟಿಮೀಟರ್ ಯಾವುದಿದೆ ಎಂದೆ. ಚೀಲದಿಂದ ತೆಗೆದು ತೋರಿಸಿದ. ಅದರ ಕೆಂಪು ವಯರು ಹತ್ತು ಆಂಪಿಯರಿನ ತೂತಿನಲ್ಲೇ ಇತ್ತು.

ನನ್ನ ಎದೆ ಧಸಕ್ಕೆಂದಿತು. ಕರೆಂಟ್ ಅಳೆಯುವ ಆ ದಾರಿಯಲ್ಲಿ ತಡೆ ಇಲ್ಲವೆನ್ನುವಷ್ಟು ಕಡಿಮೆ. ಹಾಗೆಯೇ ಗೋಡೆಯ ಪ್ಲಗ್ಗಿಗೆ ಚುಚ್ಚಿದರೆ ಫೇಸಿಗೂ ನ್ಯೂಟ್ರಲಿಗೂ ನೇರ ಶಾರ್ಟ್. ಅಗ್ಗದ ಎಷ್ಟೋ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ. ಅದಕ್ಕೇ ಹೇಳುತ್ತೇನೆ: ಸ್ಕೋಪ್ ಕಾಯಲಿ, ಮೊದಲು ಒಳ್ಳೆಯ ಮೀಟರ್ ಕೊಳ್ಳಿ. ಒಳಗೆ ಸೆರಾಮಿಕ್ ಫ್ಯೂಸ್ ಇರಬೇಕು, ಮೈಮೇಲೆ ‘ಕ್ಯಾಟ್ 3, 600 ವೋಲ್ಟ್’ ಎಂಬ ಸುರಕ್ಷತೆಯ ಗುರುತಿರಬೇಕು, ಎರಡು ವಯರುಗಳ ನಡುವೆ ಕರೆಂಟಿಗೆ ನೇರ ದಾರಿಯಿದ್ದರೆ ಬೀಪ್ ತಡವರಿಸದೆ ಕೂಗಬೇಕು. ಕರೆಂಟ್ ಅಳೆದ ಮರುಕ್ಷಣವೇ ಕೆಂಪು ವಯರನ್ನು ವೋಲ್ಟ್ ತೂತಿಗೆ ಮರಳಿಸುವುದು ಕೈಗೆ ಅಭ್ಯಾಸವಾಗಬೇಕು.

ಬೆಸುಗೆಯ ವಿಷಯದಲ್ಲಿ ಕಲಿಯುವವರು ಸೋಲ್ಡರಿಂಗ್ ಐರನ್ನಿಗೆ ಹಣ ಸುರಿದು ಬೆಸುಗೆ ತಂತಿಯಲ್ಲಿ ಉಳಿಸುತ್ತಾರೆ. ನಾನು ತಿರುಗಾಮುರುಗಾ ಮಾಡಿ ಎನ್ನುತ್ತೇನೆ. ಸಾದಾ 25 ವ್ಯಾಟ್ ಐರನ್ ವರ್ಷಗಟ್ಟಲೆ ದುಡಿಯುತ್ತದೆ. ತಂತಿ ಮಾತ್ರ ಒಳಗೆ ರಾಳ ತುಂಬಿದ, 63 ಪಾಲು ತವರ 37 ಪಾಲು ಸೀಸದ್ದೇ ಆಗಿರಲಿ. ಅದು 183 ಡಿಗ್ರಿಯಲ್ಲಿ ಒಮ್ಮೆಗೇ ಕರಗಿ ಒಮ್ಮೆಗೇ ಗಟ್ಟಿಯಾಗುತ್ತದೆ. ನಡುವೆ ಅರೆಗಟ್ಟಿ ಸ್ಥಿತಿ ಇಲ್ಲದ್ದರಿಂದ ಕೈ ನಡುಗಿದರೂ ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಹಿಡಿಯದ ಬೆಸುಗೆ, ಆಗುವ ಭಯ ಕಡಿಮೆ. ಐರನ್ನಿನ ತುದಿ ಬೋರ್ಡಿನ ತಾಮ್ರದ ಪ್ಯಾಡಿಗೂ ಬಿಡಿಭಾಗದ ಕಾಲಿಗೂ ಒಟ್ಟಿಗೆ ತಾಗಲಿ, ತಂತಿಯನ್ನು ತುದಿಗೆ ಹಿಡಿಯದೆ ಬಿಸಿಯಾದ ಜಾಗಕ್ಕೆ ತಾಗಿಸಿ. ಬೆಸುಗೆ ತಾನಾಗಿ ಹರಿದು, ಕಾಲನ್ನು ಅಪ್ಪಿಕೊಂಡು, ಅಂಚಿನಲ್ಲಿ ತೆಳ್ಳಗೆ ಇಳಿಯಬೇಕು. ಗುಂಡಗೆ ಮಣಿಯಂತೆ ಕುಳಿತರೆ ಅಲ್ಲಿ ಪ್ಯಾಡು ಬಿಸಿಯೇ ಆಗಿಲ್ಲ. ಕೆಲಸ ಮುಗಿದಾಗ ತುದಿಗೆ ಒಂದಿಷ್ಟು ಬೆಸುಗೆ ಬಳಿದೇ ಆರಿಸಿ, ಬರಿದಾಗಿ ಬಿಟ್ಟರೆ ಅದು ಕಪ್ಪಾಗಿ ಬೆಸುಗೆ ಹಿಡಿಯುವುದಿಲ್ಲ. ಮುಂಬಯಿಯ ಒಂದೇ ಖೋಲಿಯಲ್ಲಿ ಅಡುಗೆ, ನಿದ್ದೆ, ಕೆಲಸ ಎಲ್ಲವೂ ನಡೆಯುತ್ತದೆ. ಸೀಸದ ಚೂರು ಊಟದ ಜಾಗಕ್ಕೆ ಹೋಗದಂತೆ ಪ್ಲೈವುಡ್ಡಿನ ಹಲಗೆಯೊಂದನ್ನು ಇದಕ್ಕೇ ಮೀಸಲಿಡಿ, ಎದ್ದೊಡನೆ ಸೋಪಿನಿಂದ ಕೈ ತೊಳೆಯಿರಿ. ಹೊಗೆ ರಾಳದ್ದು, ಅದೂ ಎದೆಗೆ ಒಳ್ಳೆಯದಲ್ಲ. ಕಿಟಕಿಯ ಕಡೆಗೆ ಸಣ್ಣ ಫ್ಯಾನ್ ತಿರುಗಿಸಿಡಿ.

ಕಟ್ಟರ್, ಚಿಮಟ, ಬೆಸುಗೆ ಹೀರುವ ಪಂಪು: ಇವನ್ನು ಕೈಯಲ್ಲಿ ಹಿಡಿದು ನೋಡಿಯೇ ತನ್ನಿ. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದರೆ ಸಿಗುವ ಲ್ಯಾಮಿಂಗ್ಟನ್ ರೋಡಿನ ಅಂಗಡಿಸಾಲಿನ ದೊಡ್ಡ ಸೌಕರ್ಯ ಅದೇ.

ಹುಡುಗನ ಹಟವೆಲ್ಲ ಸ್ಕೋಪಿನ ಮೇಲಿತ್ತು. ಅದರ ಪ್ರೋಬಿನ, ಅಂದರೆ ಅಳೆಯುವ ಕಡ್ಡಿಯ, ನೆಲದ ಕ್ಲಿಪ್ಪು ಒಳಗೆ ಅರ್ಥಿಂಗಿಗೇ ಜೋಡಿಸಿರುತ್ತದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಕರೆಂಟು ನೇರ ಬರುವ ಸಪ್ಲೈ ಭಾಗಕ್ಕೆ ಅದನ್ನು ಕಚ್ಚಿಸಿದರೆ ಬೋರ್ಡೂ ಹೋಗುತ್ತದೆ, ಸ್ಕೋಪೂ ಹೋಗುತ್ತದೆ. ಸ್ಕೋಪಿಗಿಂತ ಮೊದಲು ಬೇಕಾದಷ್ಟು ವೋಲ್ಟ್ ಕೊಟ್ಟು ಕರೆಂಟಿಗೆ ಮಿತಿ ಹಾಕಬಲ್ಲ ಪೆಟ್ಟಿಗೆ, ಬೆಂಚ್ ಸಪ್ಲೈ, ಬರಲಿ, 30 ವೋಲ್ಟ್, 3 ಆಂಪಿಯರ್ ಧಾರಾಳವಾಯಿತು. ಹಳೆಯ ಕಂಪ್ಯೂಟರಿನ ಸಪ್ಲೈ ಪುಕ್ಕಟೆ ಸಿಗಬಹುದು, ಆದರೆ ಶಾರ್ಟ್ ಆದ ಬೋರ್ಡಿಗೆ ಅದು ಹತ್ತಾರು ಆಂಪಿಯರ್ ಸುರಿಯಬಲ್ಲದು.

ಅದಕ್ಕೂ ಮೊದಲು ಬೇಕಾದದ್ದನ್ನು ಆ ದಿನವೇ ಅವನ ಕೈಯಲ್ಲೇ ಮಾಡಿಸಿದೆ. ಮರದ ಹಲಗೆ, ಒಂದು ಹೋಲ್ಡರ್, ಒಂದು ಸಾಕೆಟ್, ನೂರು ವ್ಯಾಟಿನ ಹಳೆಯ ತಂತಿಬಲ್ಬು. ಫೇಸ್ ವಯರು ಬಲ್ಬಿನ ಮೂಲಕ ಹಾದು ಸಾಕೆಟ್ಟಿಗೆ ಹೋಗಬೇಕು. ನಾವು ಸೀರೀಸ್ ಬೋರ್ಡ್ ಎನ್ನುವುದು ಇದಕ್ಕೇ. ಸಾಕೆಟ್ಟಿನಾಚೆ ಪೂರ್ತಿ ಶಾರ್ಟ್ ಇದ್ದರೂ, ಬಲ್ಬು ಹೊತ್ತಿಕೊಂಡ ಮೇಲೆ ಅರ್ಧ ಆಂಪಿಯರಿಗಿಂತ ಹೆಚ್ಚು ಕರೆಂಟ್ ಹರಿಯದು. ಎಲ್‌ಇಡಿ ಬಲ್ಬು ಇಲ್ಲಿ ನಡೆಯುವುದಿಲ್ಲ. ತಂತಿಬಲ್ಬು ಸಿಗುವುದೇ ಕಷ್ಟವಾಗಿದೆ, ಕಂಡಾಗ ನಾಲ್ಕು ತೆಗೆದಿಡಿ. ಇದು ಬೋರ್ಡನ್ನು ಕಾಯುತ್ತದೆ, ನಿಮ್ಮನ್ನಲ್ಲ: ಮುಟ್ಟಿದರೆ ಶಾಕ್ ಹೊಡೆದೇ ಹೊಡೆಯುತ್ತದೆ. ಪ್ರಾಣಕ್ಕಾಗಿ, ಕರೆಂಟ್ ನೆಲಕ್ಕೆ ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಫೇಸನ್ನೂ ನ್ಯೂಟ್ರಲನ್ನೂ ಒಟ್ಟಿಗೆ ಹಿಡಿದರೆ ಅದೂ ಕಾಯದು.

ಮೊದಲು ಕೆಟ್ಟಿಲ್ಲದ ಟಿವಿ ಸಪ್ಲೈಯೊಂದನ್ನು ಸಿಕ್ಕಿಸಿದೆವು. ಕೆಪ್ಯಾಸಿಟರ್ ತುಂಬುವಷ್ಟು ಹೊತ್ತು ಬಲ್ಬು ಫಳ್ಳೆಂದು ಆರಿತು. ಆಮೇಲೆ ಅವನೇ ತಂದಿದ್ದ ಬೋರ್ಡು. “ಫ್ಯೂಸ್ ಎರಡು ಸಲ ಹಾಕಿದೆ ಅಣ್ಣ, ಎರಡೂ ಸುಟ್ಟವು,” ಎಂದ. ಮೂರನೆಯದನ್ನು ಹಾಕಿ ಸ್ವಿಚ್ ಒತ್ತಿದೆ. ಬಲ್ಬು ಹೊತ್ತಿ ಹಾಗೆಯೇ ಉರಿಯುತ್ತ ನಿಂತಿತು, ಫ್ಯೂಸ್ ಸುಡಲಿಲ್ಲ. ಪ್ಲಗ್ ಕಿತ್ತೆವು. ಒಳಗಿನ ದೊಡ್ಡ ಕೆಪ್ಯಾಸಿಟರ್ 325 ವೋಲ್ಟಿನವರೆಗೂ ಹಿಡಿದಿಟ್ಟುಕೊಳ್ಳಬಲ್ಲದು, 2.2 ಕಿಲೋಓಮಿನ, ಹತ್ತು ವ್ಯಾಟಿನ ರೆಸಿಸ್ಟರನ್ನು ಅದರ ಕಾಲುಗಳಿಗೆ ಕೆಲವು ಸೆಕೆಂಡು ಹಿಡಿದು ಖಾಲಿ ಮಾಡಿಸಿದೆ, ಮೀಟರಿನಲ್ಲಿ ಸೊನ್ನೆ ಬಂದದ್ದನ್ನು ನೋಡಿಸಿದೆ. ನಂತರ ಅವನೇ ಮೀಟರನ್ನು ಬೀಪಿಗೆ ತಿರುಗಿಸಿ, ಸಪ್ಲೈಯಲ್ಲಿ ಸ್ವಿಚ್ಚಿನಂತೆ ದುಡಿಯುವ ಮಾಸ್‌ಫೆಟ್‌ನ ಡ್ರೈನ್, ಸೋರ್ಸ್ ಎಂಬ ಎರಡು ಕಾಲುಗಳಿಗೆ ತಾಗಿಸಿದ. ಬೀಪ್ ನಿಲ್ಲಲೇ ಇಲ್ಲ: ಶಾರ್ಟ್ ಆದದ್ದು ಅದೇ. ತಾಗಿಸುವ ಮುನ್ನ ಕೆಂಪು ವಯರು ಯಾವ ತೂತಿನಲ್ಲಿದೆಯೆಂದು ಅವನು ಒಮ್ಮೆ ಬಗ್ಗಿ ನೋಡಿಕೊಂಡಿದ್ದ.