ಪದ ಪರಿಚಯ: ಆನಂದಮೈಡ್

ಈ ಪದವನ್ನು ಒಮ್ಮೆ ಬಾಯಿಬಿಟ್ಟು ಓದಿ ನೋಡಿ. ಮೊದಲರ್ಧ ನಮ್ಮದೇ ಅನ್ನಿಸುತ್ತದೆ, ಅಲ್ವಾ? ಅದು ನಮಗೆಲ್ಲ ಗೊತ್ತಿರುವ ಸಂಸ್ಕೃತದ ‘ಆನಂದ’ವೇ. ಅದಕ್ಕೆ ‘ಅಮೈಡ್’ ಎಂಬ ರಸಾಯನಶಾಸ್ತ್ರದ ಪದ ಸೇರಿಸಿ ಈ ಹೆಸರು ಕಟ್ಟಿದ್ದು 1992ರಲ್ಲಿ, ಜೆರುಸಲೇಮ್‌ನಲ್ಲಿ. ಅಲ್ಲಿನ ರಾಫೆಲ್ ಮೆಶೂಲಮ್ ಅವರ ಪ್ರಯೋಗಾಲಯದಲ್ಲಿ ವಿಲಿಯಂ ಡಿವೇನ್ ಮತ್ತು ಲುಮೀರ್ ಹನುಷ್ ಹಂದಿಯ ಮಿದುಳಿನಿಂದ ಈ ವಸ್ತುವನ್ನು ಬೇರ್ಪಡಿಸಿದ್ದರು.

ಹುಡುಕಾಟ ಶುರುವಾಗಿದ್ದು ಮಾತ್ರ ಗಾಂಜಾದಿಂದ. ಗಾಂಜಾದಲ್ಲಿ ಅಮಲೇರಿಸುವ ಟಿಎಚ್‌ಸಿ ಎಂಬ ವಸ್ತುವನ್ನು ಮೆಶೂಲಮ್ 1964ರಲ್ಲೇ ಬಿಡಿಸಿ ತೋರಿಸಿದ್ದರು. ಅದು ಮಿದುಳಿನಲ್ಲಿ ಹೋಗಿ ಕೂರುವ ಜಾಗ ಸಿಕ್ಕಿದ್ದು 1988ರಲ್ಲಿ. ಆ ಜಾಗಕ್ಕೆ ಈಗ ಸಿಬಿ1 ಗ್ರಾಹಕ ಅನ್ನುತ್ತಾರೆ. ಎಲ್ಲೋ ಬೆಳೆಯುವ ಒಂದು ಗಿಡಕ್ಕೋಸ್ಕರ ನಮ್ಮ ಮಿದುಳು ಸುಮ್ನೆ ಜಾಗ ಮಾಡಿಟ್ಟುಕೊಂಡಿರುತ್ತದೆಯೇ? ಅದು ಮಿದುಳು ತಾನೇ ತಯಾರಿಸುವ ಯಾವುದೋ ವಸ್ತುವಿನ ಜಾಗ ಇರಬೇಕು. ಆ ವಸ್ತುವೇ ಆನಂದಮೈಡ್. ಮಿದುಳೇ ತಯಾರಿಸುವ 2-ಎಜಿ ಎಂಬ ಇಂಥದೇ ಇನ್ನೊಂದು ವಸ್ತುವೂ ಇದರ ಜೊತೆಗಿದೆ.

ಇವುಗಳ ಕೆಲಸ ತಿಳಿಯಬೇಕಾದರೆ ಗದ್ದೆಗೆ ನೀರು ಕಟ್ಟುವುದನ್ನು ನೆನೆಸಿಕೊಳ್ಳಿ. ಒಬ್ಬರು ಮೇಲೆ ನೀರು ಬಿಡುತ್ತಾರೆ. ಕೆಳಗಿನ ಮಡಿ ತುಂಬಿದ ಕೂಡಲೇ ಅಲ್ಲಿ ನಿಂತವರು ‘ಸಾಕು’ ಎಂದು ಕೂಗುತ್ತಾರೆ. ನರಕೋಶಗಳ ನಡುವೆಯೂ ಹೀಗೇ. ಸಂದೇಶ ಪಡೆಯುವ ಕೋಶ ಈ ವಸ್ತುಗಳನ್ನು ಆ ಗಳಿಗೆಯಲ್ಲೇ, ಬೇಕಾದಷ್ಟೇ ತಯಾರಿಸಿ, ಕಳಿಸಿದ ಕೋಶಕ್ಕೆ ‘ಸಾಕು’ ಎಂದು ಹೇಳಿ ಕಳಿಸುತ್ತದೆ. ಕೆಲಸ ಮುಗಿದ ಮೇಲೆ ಕಿಣ್ವಗಳು ಅವುಗಳನ್ನು ಬೇಗನೆ ಒಡೆದುಹಾಕುತ್ತವೆ. ನೆನಪು, ಭಯ, ಹಸಿವು, ನೋವು ಎಲ್ಲವೂ ಈ ಪುಟ್ಟ ಕೂಗಿನಿಂದ ಹದಕ್ಕೆ ಬರುತ್ತವೆ. ಇಷ್ಟು ನಾಜೂಕಿನ ವ್ಯವಸ್ಥೆ ಇದು.

ಗಾಂಜಾ ಸೇದಿದಾಗ ಟಿಎಚ್‌ಸಿ ಇದೇ ಜಾಗದಲ್ಲಿ ಹೋಗಿ ಕೂರುತ್ತದೆ. ಆದರೆ ಒಂದು ಮಡಿಯಲ್ಲಲ್ಲ, ಇಡೀ ಬಯಲಿನಲ್ಲಿ. ಅದೂ ಗಂಟೆಗಟ್ಟಲೆ. ಯಾರೋ ಮೈಕ್ ಹಿಡಿದು ಎಲ್ಲ ಗದ್ದೆಗಳ ಪರವಾಗಿ ‘ಸಾಕು, ಸಾಕು’ ಎನ್ನುತ್ತಲೇ ಇದ್ದಂತೆ. ಟಿಎಚ್‌ಸಿ ಕೊಬ್ಬಿನಲ್ಲಿ ಕರಗುವ ವಸ್ತು. ದಿನವೂ ಸೇದುವವರ ಮೈಯಲ್ಲಿ ವಾರಗಟ್ಟಲೆ ಉಳಿಯುತ್ತದೆ.

ದೊಡ್ಡವರಿಗೇ ಇದು ತೊಂದರೆ. ಹದಿನೈದರ ಹುಡುಗ ಹುಡುಗಿಯರ ಗದ್ದೆಗೆ ಬದುವೇ ಇನ್ನೂ ಪೂರ್ತಿ ಬಿದ್ದಿರುವುದಿಲ್ಲ! ಆ ವಯಸ್ಸಿನಲ್ಲಿ ಮಿದುಳು ಬಳಕೆಯಾಗುವ ಕೊಂಡಿಗಳನ್ನು ಗಟ್ಟಿ ಮಾಡುತ್ತದೆ, ಬಳಕೆಯಾಗದ್ದನ್ನು ಗಿಡ ಸವರಿದಂತೆ ಸವರುತ್ತದೆ. ಹಣೆಯ ಹಿಂದಿನ ಭಾಗ, ಅಂದರೆ ತಾಳ್ಮೆ, ಯೋಜನೆ, ಹಿಂದುಮುಂದು ನೋಡುವ ಬುದ್ಧಿಯ ಭಾಗ, ಹದಕ್ಕೆ ಬರುವುದು ಸುಮಾರು 25ರ ಹೊತ್ತಿಗೆ. ಆನಂದಮೈಡ್ ವ್ಯವಸ್ಥೆಗೆ ಈ ಕೆಲಸದಲ್ಲೂ ಪಾಲಿದೆ. ಎಳೆಯ ಇಲಿಗಳಿಗೆ ಟಿಎಚ್‌ಸಿ ಕೊಟ್ಟು ನೋಡಿದಾಗ, ಅದೇ ಭಾಗದ ನರಕೋಶಗಳ ಕವಲುಗಳು ಹೊತ್ತಿಗೆ ಮುಂಚೆಯೇ ಸವರಿಹೋಗಿದ್ದವು.

ಮನುಷ್ಯರ ಬಗ್ಗೆ ಹೇಳುವಾಗ ಎಚ್ಚರ ಬೇಕು. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಅಂದಿನಿಂದಲೂ ಗಮನಿಸುತ್ತಿದ್ದಾರೆ. ಹದಿಹರೆಯದಲ್ಲೇ ಗಾಂಜಾ ಹಿಡಿದು ವರ್ಷಗಟ್ಟಲೆ ಬಿಡದವರಲ್ಲಿ, 38ರ ವಯಸ್ಸಿಗೆ ಐಕ್ಯೂ ಸರಾಸರಿ ಸುಮಾರು 8 ಅಂಕದಷ್ಟು ಕಡಿಮೆಯಾಗಿತ್ತು ಎಂದು 2012ರಲ್ಲಿ ವರದಿಯಾಯಿತು. ದೊಡ್ಡವರಾದ ಮೇಲೆ ಶುರು ಮಾಡಿದವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಆದರೆ 2016ರಲ್ಲಿ ಪ್ರಕಟವಾದ ಅವಳಿಗಳ ಅಧ್ಯಯನ ಬೇರೆ ಮಾತು ಹೇಳಿತು. ಸೇದಿದ ಅವಳಿಗೂ ಸೇದದ ಅವಳಿಗೂ ಅಂಥ ವ್ಯತ್ಯಾಸ ಸಿಗಲಿಲ್ಲ, ಹಾಗಾಗಿ ಮನೆಯ ಪರಿಸ್ಥಿತಿಯೂ ಕಾರಣ ಇರಬಹುದು ಎಂದಿತು. ಐಕ್ಯೂ ಲೆಕ್ಕಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಮನಸ್ಸಿನ ಕಾಯಿಲೆ. ಚಿಕ್ಕ ವಯಸ್ಸಿನಲ್ಲೇ ಹಿಡಿದು ಹೆಚ್ಚು ಸೇದುವವರಲ್ಲಿ, ಅದರಲ್ಲೂ ಮನೆತನದಲ್ಲಿ ಸ್ಕಿಜೋಫ್ರೇನಿಯಾ ಎಂಬ ಗಂಭೀರ ಮನೋರೋಗ ಇದ್ದವರಲ್ಲಿ, ಭ್ರಮೆಗಳು ಕಾಣಿಸಿಕೊಳ್ಳುವ ಅಪಾಯ ಹೆಚ್ಚು. ಇದು ಹಲವು ದೇಶಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ದಿನವೂ ಸೇದುವವರ ಮಿದುಳಿನಲ್ಲಿ ಸಿಬಿ1 ಗ್ರಾಹಕಗಳು ಕಡಿಮೆಯಾಗುತ್ತವೆ. ಮೈಕಿನ ಗಲಾಟೆಗೆ ಕಿವಿ ಮುಚ್ಚಿಕೊಂಡ ಹಾಗೆ. ಆಗ ತನ್ನದೇ ಆನಂದಮೈಡ್‌ನ ಪುಟ್ಟ ಕೂಗೂ ಸರಿಯಾಗಿ ಕೇಳುವುದಿಲ್ಲ. ಸುಮಾರು 4 ವಾರ ಬಿಟ್ಟರೆ ಗ್ರಾಹಕಗಳು ಮತ್ತೆ ಹೆಚ್ಚುತ್ತವೆ. ಬಿಟ್ಟ ಮೊದಲ ದಿನಗಳಲ್ಲಿ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ಮನೆಯವರು ದಯವಿಟ್ಟು ಇದನ್ನು ಮಗುವಿನ ಹಟ ಎಂದುಕೊಳ್ಳಬೇಡಿ. ಸಹಾಯ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.