ದಿನಕ್ಕೊಂದೇ ಉಬ್ಬರ ಬರುವ ನದಿ

1288ರ ಏಪ್ರಿಲ್ 9ರಂದು ಉತ್ತರ ವಿಯೆಟ್ನಾಮಿನ ಬಾಕ್ ಡಾಂಗ್ ನದಿಯಲ್ಲಿ ಮಂಗೋಲ್ ಸಾಮ್ರಾಟ ಕುಬ್ಲಾಯ್ ಖಾನನ ನೌಕಾಪಡೆ ನಾಶವಾಯಿತು. ಆ ಪಡೆಯ ಸೇನಾನಿಗಳಲ್ಲೊಬ್ಬನಾದ ಫಾನ್ ಜಿಯ ಕೊನೆಯ ದಿನವನ್ನು ಸೋತವರ ಕಡೆಯ ಚರಿತ್ರೆಯೇ, ಅಂದರೆ ಖಾನ್ ಚೀನಾದಲ್ಲಿ ಸ್ಥಾಪಿಸಿದ ಯುವಾನ್ ರಾಜವಂಶದ ಅಧಿಕೃತ ಇತಿಹಾಸವೇ, ಕೆಲವು ಸಾಲುಗಳಲ್ಲಿ ದಾಖಲಿಸಿದೆ. ನದಿಯಲ್ಲಿ ನೀರು ಇಳಿಯಿತು, ಅವನ ಹಡಗು ನೆಲಕ್ಕೆ ಕಚ್ಚಿಕೊಂಡಿತು, ವಿಯೆಟ್ನಾಮೀಯರ ದೋಣಿಗಳು ಸುತ್ತುವರಿದವು, ಬಾಣಗಳು ಮಳೆಯಂತೆ ಬಿದ್ದವು. ಅವನು ಮುಂಜಾನೆಯಿಂದ ಸಂಜೆಯವರೆಗೆ ಹೋರಾಡಿ, ಗಾಯಗೊಂಡು ನೀರಿಗೆ ಹಾರಿದ. ಚೀನೀ ಲೆಕ್ಕದ ಆ ಹೊತ್ತುಗಳನ್ನು ನಮ್ಮ ಗಡಿಯಾರಕ್ಕೆ ತಂದರೆ, ಕಾಳಗ ಬೆಳಿಗ್ಗೆ 5ರಿಂದ 7ರ ನಡುವೆ ಆರಂಭವಾಗಿ ಸಂಜೆ 5ರಿಂದ 7ರ ನಡುವೆ ಮುಗಿದಿದೆ. ಹೆಚ್ಚುಕಡಿಮೆ ಹನ್ನೆರಡು ಗಂಟೆ.

ಬಾಕ್ ಡಾಂಗ್ ಕದನ ಪ್ರಪಂಚಕ್ಕೆಲ್ಲ ಗೊತ್ತಿರುವುದು ಗೂಟಗಳ ಕಾರಣದಿಂದ. ನದಿಯ ತಳದಲ್ಲಿ ಮರದ ಗೂಟಗಳನ್ನು ನೆಟ್ಟು, ಉಬ್ಬರದ ಹೊತ್ತಿನಲ್ಲಿ ಶತ್ರುವನ್ನು ಅವುಗಳ ಮೇಲಕ್ಕೆ ಸೆಳೆದು, ಇಳಿತದಲ್ಲಿ ಸಿಕ್ಕಿಸಿಕೊಂಡ ಕಥೆ ಅದು. ಆದರೆ ಫಾನ್ ಜಿಯ ಕುರಿತ ಆ ಸಾಲುಗಳಲ್ಲಿ ಗೂಟದ ಮಾತೇ ಇಲ್ಲ. ಅಲ್ಲಿರುವುದು ಇಳಿಯುವ ನೀರು, ಮತ್ತು ಆ ಉದ್ದನೆಯ ಹಗಲು. ನನಗೆ ಈ ಯುದ್ಧದ ನಿಜವಾದ ಆಯುಧ ಗೂಟಕ್ಕಿಂತ ಹೆಚ್ಚಾಗಿ ಆ ಹಗಲೇ ಅನ್ನಿಸುತ್ತದೆ. ಅದನ್ನು ಅರ್ಥ ಮಾಡಿಕೊಳ್ಳಲು ಆ ಸಮುದ್ರದ ವಿಚಿತ್ರ ಸ್ವಭಾವವೊಂದನ್ನು ತಿಳಿಯಬೇಕು.

ಮಂಗಳೂರಿನಲ್ಲಿ, ಕಾರವಾರದಲ್ಲಿ ಸಮುದ್ರ ದಿನಕ್ಕೆ ಎರಡು ಬಾರಿ ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಒಂದು ಏರು ದೊಡ್ಡದು, ಇನ್ನೊಂದು ಚಿಕ್ಕದು ಇರಬಹುದು, ಆದರೆ ಎರಡಂತೂ ಇರುತ್ತವೆ. ಭೂಮಿಯ ಬಹುಪಾಲು ಕರಾವಳಿಗಳಲ್ಲಿ ಹೀಗೆಯೇ. ಬಾಕ್ ಡಾಂಗ್ ನದಿ ಸೇರುವ ಟಾಂಕಿನ್ ಕೊಲ್ಲಿಯ ಉತ್ತರ ಭಾಗದಲ್ಲಿ ಹಾಗಲ್ಲ. ಅಲ್ಲಿ ಸುಮಾರು 24 ಗಂಟೆ 50 ನಿಮಿಷಕ್ಕೆ ಒಂದೇ ಉಬ್ಬರ, ಒಂದೇ ಇಳಿತ. ನೀರು ಸುಮಾರು ಹನ್ನೆರಡು ಗಂಟೆ ಏರುತ್ತಲೇ ಇರುತ್ತದೆ, ಮತ್ತೆ ಹನ್ನೆರಡು ಗಂಟೆ ಇಳಿಯುತ್ತಲೇ ಇರುತ್ತದೆ. ಅಂತರವೂ ಸಣ್ಣದಲ್ಲ, ದೊಡ್ಡ ಉಬ್ಬರದ ದಿನಗಳಲ್ಲಿ ಮೂರರಿಂದ ನಾಲ್ಕು ಮೀಟರ್.

ಈ ಸಂಗತಿಯನ್ನು ಯುರೋಪಿನ ವಿಜ್ಞಾನ ಮೊದಲು ಕಂಡದ್ದು 17ನೆಯ ಶತಮಾನದಲ್ಲಿ. ಫ್ರಾನ್ಸಿಸ್ ಡೇವನ್‌ಪೋರ್ಟ್ ಎಂಬ ಇಂಗ್ಲಿಷ್ ನಾವಿಕ ಟಾಂಕಿನ್ ಅಳಿವೆಯ ಉಬ್ಬರವಿಳಿತಗಳ ಬಗ್ಗೆ 1678ರಲ್ಲಿ ಪತ್ರ ಬರೆದ. ದಿನಕ್ಕೆ ಒಂದೇ ಉಬ್ಬರ, ಅದೂ ತಿಂಗಳಲ್ಲಿ ಎರಡು ಬಾರಿ ಒಂದೆರಡು ದಿನ ನೀರು ಅಲುಗಾಡುವುದೇ ಇಲ್ಲ ಎಂಬುದು ಅದರ ಸಾರ. ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ ಅದನ್ನು 1684ರಲ್ಲಿ ತನ್ನ ವಿವರಣೆಯೊಂದಿಗೆ ಪ್ರಕಟಿಸಿದ. ಐಸಾಕ್ ನ್ಯೂಟನ್ 1687ರ ತನ್ನ ಪ್ರಿನ್ಸಿಪಿಯಾದಲ್ಲಿ ಇದೇ ಬಂದರನ್ನು ಎತ್ತಿಕೊಂಡು, ಬೇರೆ ಬೇರೆ ದಾರಿಗಳಿಂದ ಆರು ಗಂಟೆಯ ಅಂತರದಲ್ಲಿ ಬರುವ ಎರಡು ಉಬ್ಬರಗಳು ಪರಸ್ಪರ ಅಳಿಸಿಹಾಕುತ್ತವೆ ಎಂದು ತರ್ಕಿಸಿದ. ಅಲೆಗಳು ಒಂದನ್ನೊಂದು ಅಳಿಸಬಲ್ಲವು ಎಂಬ ಆ ಯೋಚನೆ ತನ್ನ ಕಾಲಕ್ಕಿಂತ ಬಹಳ ಮುಂದಿತ್ತು.

ಇಂದಿನ ವಿವರಣೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಪ್ರತಿ ಕೊಲ್ಲಿಗೂ ತನ್ನ ಉದ್ದ ಮತ್ತು ಆಳಕ್ಕೆ ತಕ್ಕಂತೆ ನೀರು ತೊನೆದಾಡುವ ಒಂದು ಸಹಜ ಅವಧಿ ಇರುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಅದು ಜೋರಾಗಿ ಜೀಕುತ್ತದೆ, ತಪ್ಪಿ ತಳ್ಳಿದರೆ ಇಲ್ಲ. ಟಾಂಕಿನ್ ಕೊಲ್ಲಿಯ ಲಯ ಸುಮಾರು ಒಂದು ದಿನಕ್ಕೆ ಹತ್ತಿರವಿದೆ. ಹಾಗಾಗಿ ತೆರೆದ ಸಾಗರದಿಂದ ಬರುವ ದಿನಕ್ಕೊಂದರ ಉಬ್ಬರ ಅಲ್ಲಿ ಬಹಳ ಹಿಗ್ಗುತ್ತದೆ. ಅರ್ಧ ದಿನದ ಉಬ್ಬರವಾದರೋ ಬಾಕ್ ಡಾಂಗ್ ಅಳಿವೆಯ ಬಳಿ ಕೆಲವೇ ಸೆಂಟಿಮೀಟರುಗಳಿಗೆ ಕುಗ್ಗಿರುತ್ತದೆ.

ಈಗ ಹಡಗಿನ ಲೆಕ್ಕಕ್ಕೆ ಬರೋಣ. ದಿನಕ್ಕೆರಡು ಉಬ್ಬರವಿರುವ ಕಡೆ, ನೀರು ಅರ್ಧ ಇಳಿದಾಗ ನೆಲ ಕಚ್ಚಿದ ಹಡಗು ಸುಮಾರು ಆರು ಗಂಟೆಯಲ್ಲಿ ಮತ್ತೆ ತೇಲುತ್ತದೆ. ಆರು ಗಂಟೆ ಬಾಣಗಳನ್ನು ತಡೆದುಕೊಂಡರೆ ಪಾರಾಗುವ ಆಸೆ ಇದೆ. ಬಾಕ್ ಡಾಂಗ್‌ನಲ್ಲಿ ಅದೇ ಹಡಗು ಹನ್ನೆರಡು ಗಂಟೆ ಕಾಯಬೇಕು. ಹಗಲಿಡೀ. ಫಾನ್ ಜಿಯ ಹೋರಾಟದ ಹನ್ನೆರಡು ಗಂಟೆಗಳನ್ನು ಓದುವಾಗ ನನಗೆ ಈ ಲೆಕ್ಕ ನೆನಪಾಗದೆ ಇರುವುದಿಲ್ಲ. ಗೂಟಗಳು ಹಡಗನ್ನು ಹಿಡಿದವು, ಹಿಡಿದಿಟ್ಟದ್ದು ಸಮುದ್ರ.

ವಿಯೆಟ್ನಾಮೀಯರು ಈ ಉಪಾಯವನ್ನು ಮೊದಲ ಬಾರಿ ಹೂಡಿದ್ದು 1288ರಲ್ಲಿ ಅಲ್ಲ, ಅದಕ್ಕೂ 350 ವರ್ಷ ಹಿಂದೆ. ಕ್ರಿ.ಪೂ. 111ರಿಂದ ಸಾವಿರ ವರ್ಷ ಬಹುತೇಕ ಚೀನೀ ಸಾಮ್ರಾಜ್ಯಗಳ ಹಿಡಿತದಲ್ಲಿದ್ದ ನಾಡು ಅದು. 907ರಲ್ಲಿ ಟಾಂಗ್ ರಾಜವಂಶ ಬಿದ್ದಮೇಲೆ ಆ ಹಿಡಿತ ಸಡಿಲವಾಯಿತು. 937ರಲ್ಲಿ ಅಲ್ಲಿನ ಆಡಳಿತಗಾರ ಜುವಾಂಗ್ ದಿನ್ ಙೆಯನ್ನು ಕಿಯು ಕಾಂಗ್ ಟಿಯೆನ್ ಎಂಬ ಅಧಿಕಾರಿ ಕೊಂದ. ಙೆಯ ಅಳಿಯ ಙೊ ಕ್ವೆನ್ ಸೇಡಿಗೆ ಸೈನ್ಯ ಕಟ್ಟಿದಾಗ, ಕೊಲೆಗಾರ ಚೀನಾದ ದಕ್ಷಿಣ ಹಾನ್ ರಾಜ್ಯದ ನೆರವು ಬೇಡಿದ. ದಕ್ಷಿಣ ಹಾನ್ ಅರಸ ತನ್ನ ಮಗ ಲಿಯು ಹಾಂಗ್‌ಚಾವ್‌ನನ್ನು ನೌಕಾಪಡೆಯೊಂದಿಗೆ ಕಳುಹಿಸಿದ. ಹಡಗುಗಳು ಬರುವ ಮೊದಲೇ ಙೊ ಕ್ವೆನ್ ಕೊಲೆಗಾರನನ್ನು ಮುಗಿಸಿ, ಅಳಿವೆಯಲ್ಲಿ ತುದಿಗೆ ಕಬ್ಬಿಣ ಹೊದಿಸಿದ ಗೂಟಗಳನ್ನು ನೆಡಿಸಿದ್ದ. 938ರ ಕೊನೆಯಲ್ಲಿ ಉಬ್ಬರದ ಮೇಲೆ ಬಂದ ಹಡಗುಗಳನ್ನು ಸಣ್ಣ ದೋಣಿಗಳು ಕೆಣಕಿ ಒಳಕ್ಕೆ ಸೆಳೆದವು. ನೀರು ಇಳಿಯಿತು. ರಾಜಕುಮಾರ ಅಲ್ಲಿಯೇ ಸತ್ತ, ಅವನ ಸೈನ್ಯದ ಅರ್ಧಕ್ಕಿಂತ ಹೆಚ್ಚು ಮಂದಿ ಮುಳುಗಿದರು. 939ರಲ್ಲಿ ಙೊ ಕ್ವೆನ್ ಕೊ ಲ್ವಾ ಎಂಬಲ್ಲಿ ರಾಜನಾದ. 981ರಲ್ಲಿ ಲೆ ಹ್ವಾನ್ ಎಂಬ ರಾಜ ಚೀನಾದ ಸಾಂಗ್ ರಾಜವಂಶದ ಸೈನ್ಯವನ್ನು ಎದುರಿಸಿದಾಗಲೂ ಇದೇ ನದಿ ರಣರಂಗವಾಯಿತು.

13ನೆಯ ಶತಮಾನದ ಶತ್ರು ಬೇರೆಯದೇ ಗಾತ್ರದವನು. ಮಂಗೋಲರು ದಾಯ್ ವಿಯೆಟ್ (ಅಂದಿನ ವಿಯೆಟ್ನಾಮೀ ರಾಜ್ಯ) ಮೇಲೆ ಮೂರು ಬಾರಿ ಏರಿಬಂದರು: 1258, 1285, ಮತ್ತು 1287–88. ಮೂರು ಬಾರಿಯೂ ರಾಜಧಾನಿ ಥಾಂಗ್ ಲಾಂಗ್ (ಇಂದಿನ ಹನೋಯ್) ಅವರ ಕೈಗೆ ಸಿಕ್ಕಿತು. ಮೂರು ಬಾರಿಯೂ ಅಲ್ಲಿ ಆಳುತ್ತಿದ್ದ ಟ್ರಾನ್ ರಾಜವಂಶ ಊರನ್ನು ತೆರವು ಮಾಡಿ, ಧಾನ್ಯವನ್ನು ಸಾಗಿಸಿ ಅಡಗಿಸಿ, ಹಿಂದೆ ಸರಿಯಿತು. ಗೆದ್ದ ಊರಿನಲ್ಲಿ ತಿನ್ನಲು ಏನೂ ಇರಲಿಲ್ಲ. ಇದರಿಂದ ಪಾಠ ಕಲಿತ ಯುವಾನ್ ಸೇನೆ ಮೂರನೆಯ ಬಾರಿ ಅಕ್ಕಿಯನ್ನು ಸಮುದ್ರದ ಮೂಲಕವೇ ತರಿಸಿತು. ಜಾಂಗ್ ವೆನ್‌ಹು ಎಂಬವನ ನೇತೃತ್ವದ ಆ ಧಾನ್ಯದ ಹಡಗುಗಳ ಮೇಲೆ ವಾನ್ ದೋನ್ ದ್ವೀಪಗಳ ಕಡೆ ವಿಯೆಟ್ನಾಮೀ ಸೇನಾನಿ ಟ್ರಾನ್ ಖಾನ್ ಜು ಎರಗಿದ. ಅಕ್ಕಿ ಸಮುದ್ರದ ಪಾಲಾಯಿತು, ಜಾಂಗ್ ವೆನ್‌ಹು ಹೈನಾನ್ ದ್ವೀಪದತ್ತ ಓಡಿದ.

ವಿಜಯದ ಕಥೆಗಳಲ್ಲಿ ಈ ಅಕ್ಕಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಆದರೆ ಇಳಿತವನ್ನು ನಂಬಿ ಬಲೆ ಬೀಸುವವನಿಗೆ ಶತ್ರು ಎಲ್ಲಿ ಬರುತ್ತಾನೆ, ಯಾವಾಗ ಬರುತ್ತಾನೆ ಎಂಬುದು ಗೊತ್ತಿರಲೇಬೇಕು. ಹಸಿವು ಆ ಎರಡನ್ನೂ ತೀರ್ಮಾನಿಸಿತು. ಖಾನನ ಮಗ ತೊಗಾನ್ ಭೂಮಾರ್ಗದಲ್ಲಿ ಹಿಂದಿರುಗಲು ನಿರ್ಧರಿಸಿದ; ನೌಕಾಪಡೆಯ ಸೇನಾನಿಗಳಾದ ಒಮರ್ ಮತ್ತು ಫಾನ್ ಜಿಯ ಹಡಗುಗಳು ಬಾಕ್ ಡಾಂಗ್ ದಾರಿ ಹಿಡಿದವು. ದಡದಲ್ಲಿ ಅವುಗಳಿಗೆ ಬೆಂಗಾವಲಾಗಬೇಕಿದ್ದ ಕುದುರೆ ದಳ ಮುರಿದ ಸೇತುವೆಗಳ ಮುಂದೆ ನಿಂತು ಹಿಂದಕ್ಕೆ ಹೋಯಿತು. ಮುಂದೆ ವಿಯೆಟ್ನಾಮೀ ಸೇನಾಪತಿ ಟ್ರಾನ್ ಹುಂಗ್ ದಾವ್ ಕಾದಿದ್ದ. ಗೂಟಗಳ ಜೊತೆಗೆ ಬೆಂಕಿಯ ತೆಪ್ಪಗಳೂ ಸಿದ್ಧವಿದ್ದವು. ವಿಯೆಟ್ನಾಮೀ ಚರಿತ್ರೆಯ ಪ್ರಕಾರ ಅಂದು ಸೆರೆಸಿಕ್ಕ ಹಡಗುಗಳು 400ಕ್ಕೂ ಹೆಚ್ಚು. ಒಮರ್ ಜೀವಂತ ಸಿಕ್ಕಿಬಿದ್ದ.

ಅಂದು ಅಲ್ಲಿನ ಚಾಂದ್ರಮಾನ ಪಂಚಾಂಗದ ಮೂರನೆಯ ತಿಂಗಳ ಎಂಟನೆಯ ದಿನ, ಶುಕ್ಲ ಪಕ್ಷದ ಅಷ್ಟಮಿಯ ಆಸುಪಾಸು. ನಮ್ಮ ಕರಾವಳಿಯ ಮೀನುಗಾರರನ್ನು ಕೇಳಿದರೆ, ಅಮಾವಾಸ್ಯೆ ಹುಣ್ಣಿಮೆಗೆ ನೀರು ಜೋರು, ಅಷ್ಟಮಿಗೆ ಸಪ್ಪೆ ಎನ್ನುತ್ತಾರೆ. ಹಾಗಿದ್ದರೆ ಇಂಥ ಮಹಾ ಹೊಂಚಿಗೆ ಅಷ್ಟಮಿ ಯಾಕೆ? ಇಲ್ಲಿಯೇ ಟಾಂಕಿನ್ ಕೊಲ್ಲಿಯ ಸ್ವಭಾವ ತನ್ನ ಪೂರ್ತಿ ಸೊಗಸು ತೋರುತ್ತದೆ. ದಿನಕ್ಕೊಂದರ ಉಬ್ಬರದ ಬಲ ಚಂದ್ರ ಎಷ್ಟು ತುಂಬಿದ್ದಾನೆ ಎಂಬುದನ್ನು ಅವಲಂಬಿಸಿಲ್ಲ. ಅವನು ಸಮಭಾಜಕಕ್ಕಿಂತ ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಸರಿದಿದ್ದಾನೆ ಎಂಬುದನ್ನು ಅವಲಂಬಿಸಿದೆ. ಚಂದ್ರ ಸಮಭಾಜಕವನ್ನು ದಾಟುವ ಹೊತ್ತಿಗೆ ನೀರು ನಿಂತಂತಿರುತ್ತದೆ; ಡೇವನ್‌ಪೋರ್ಟ್ ಬರೆದ ಅಲುಗಾಡದ ದಿನಗಳು ಅವೇ. ತೀರಾ ಉತ್ತರದಲ್ಲೋ ದಕ್ಷಿಣದಲ್ಲೋ ಇದ್ದಾಗ, ಒಂದೆರಡು ದಿನಗಳ ವಿಳಂಬದೊಂದಿಗೆ, ಉಬ್ಬರ ಅತಿ ದೊಡ್ಡದು.

ಆಗಿನ ಏಪ್ರಿಲ್ 9 ಇಂದಿನ ಪಂಚಾಂಗದಲ್ಲಿ ಏಪ್ರಿಲ್ ಮಧ್ಯಭಾಗಕ್ಕೆ ಬರುತ್ತದೆ. ಅಷ್ಟಮಿಯ ಚಂದ್ರ ಸೂರ್ಯನಿಗಿಂತ ಕಾಲು ಸುತ್ತು ಮುಂದಿರುತ್ತಾನೆ, ಅಂದರೆ ಸೂರ್ಯ ಮೂರು ತಿಂಗಳ ನಂತರ ಎಲ್ಲಿರುತ್ತಾನೋ ಹೆಚ್ಚುಕಡಿಮೆ ಅಲ್ಲಿ. ಜುಲೈ ಮಧ್ಯದ ಸೂರ್ಯ ಸಮಭಾಜಕದಿಂದ ಸುಮಾರು 21 ಡಿಗ್ರಿ ಉತ್ತರಕ್ಕಿರುತ್ತಾನೆ. ಚಂದ್ರನ ಹಾದಿ ಐದು ಡಿಗ್ರಿ ಆಚೀಚೆ ವಾಲಿರಬಹುದು. ಆದರೂ ಅಂದು ಅವನು ಉತ್ತರದ ತುತ್ತತುದಿಯನ್ನು ಮುಟ್ಟಿ ಸುಮಾರು ಎರಡು ದಿನವಾಗಿತ್ತು. ಬೇರೆ ಸಮುದ್ರದಲ್ಲಿ ಸಪ್ಪೆಯಾಗಬೇಕಿದ್ದ ಅಷ್ಟಮಿ ಅಲ್ಲಿ ದೊಡ್ಡ ಇಳಿತದ ದಿನ. ಕಾಗದ ಪೆನ್ಸಿಲ್ ಹಿಡಿದು ಈ ಲೆಕ್ಕ ಹಾಕಿದಾಗ ನನಗೆ ರೋಮಾಂಚನವಾಯಿತು. ನ್ಯೂಟನ್ನನಿಗೆ ನಾಲ್ಕು ಶತಮಾನ ಮೊದಲು, ಗುರುತ್ವಾಕರ್ಷಣೆಯ ಸೂತ್ರವಿಲ್ಲದೆ, ಈ ದಿನ ಒಳ್ಳೆಯದು ಎಂದು ತಿಳಿದವರು ಅಲ್ಲಿದ್ದರು.

ಯಾರು ಅವರು? ಕ್ವಾಂಗ್ ಯೆನ್ ಪಟ್ಟಣದಲ್ಲಿ ಟ್ರಾನ್ ಹುಂಗ್ ದಾವ್‌ನ ಗುಡಿಯ ಪಕ್ಕದಲ್ಲಿ ಒಬ್ಬ ಹೆಂಗಸಿನ ಸಣ್ಣ ಗುಡಿಯೂ ಇದೆ. ಕಡವಿನ ಬಳಿ ಬಾಯಾರಿದವರಿಗೆ ನೀರು ಮಾರುತ್ತಿದ್ದ ಮುದುಕಿ ಅವಳು, ನದಿಯ ಉಬ್ಬರವಿಳಿತದ ಹೊತ್ತುಗಳನ್ನು ಸೇನಾಪತಿಗೆ ಹೇಳಿಕೊಟ್ಟವಳು ಅವಳೇ ಎಂಬುದು ಐತಿಹ್ಯ. ಚರಿತ್ರೆಯಲ್ಲಿ ಅವಳ ಹೆಸರಿಲ್ಲ. ಆದರೂ ಸೇನಾಪತಿಯ ಮಗ್ಗುಲಲ್ಲಿ ಅವಳನ್ನು ಕೂರಿಸಿದ ಊರಿನವರ ತೀರ್ಮಾನ ನನಗೆ ಬಹಳ ಸರಿ ಅನ್ನಿಸುತ್ತದೆ. ಕಡವಿನಲ್ಲಿ ಬದುಕಿದವರಿಗೆ ಗೊತ್ತಿರುವಷ್ಟು ನೀರಿನ ವೇಳೆ ಯಾವ ಅರಮನೆಗೂ ಗೊತ್ತಿರುವುದಿಲ್ಲ.

ಗೂಟಗಳು ಕಟ್ಟುಕಥೆಯಲ್ಲ ಎಂಬುದಕ್ಕೆ ನೆಲದಡಿಯ ಸಾಕ್ಷಿ ಸಿಕ್ಕಿದ್ದು 1950ರ ದಶಕದಲ್ಲಿ. ಕ್ವಾಂಗ್ ಯೆನ್ ಬಳಿಯ ಯೆನ್ ಜಾಂಗ್‌ನಲ್ಲಿ ಒಡ್ಡು ಕಟ್ಟಲು ಮಣ್ಣು ಅಗೆಯುತ್ತಿದ್ದವರಿಗೆ ಅವು ಎದುರಾದವು. ಹೆಚ್ಚಿನವು ಲಿಮ್ ಎಂಬ ಬಲು ಗಟ್ಟಿ ಜಾತಿಯ ಮರ, ತೊಗಟೆಯನ್ನೂ ಕೆತ್ತದ ಕಾಂಡಗಳು. ಉದ್ದ ಎರಡೂವರೆ ಮೀಟರಿಗೂ ಹೆಚ್ಚು, ದಪ್ಪ 20ರಿಂದ 30 ಸೆಂಟಿಮೀಟರ್, ಗೂಟದಿಂದ ಗೂಟಕ್ಕೆ ಸುಮಾರು ಒಂದು ಮೀಟರ್. ಕೊಡಲಿಯಿಂದ ಚೂಪು ಮಾಡಿದ ಭಾಗ ಅವುಗಳ ಬುಡದಲ್ಲಿದೆ, ಕೆಸರಿಗೆ ಇಳಿಯಲು ಅನುಕೂಲವಾಗಲೆಂದು. ಶತ್ರುವಿಗೆ ಎದುರಾಗಿದ್ದ ಮೇಲ್ತುದಿಗಳು ಇಂದು ಉಳಿದಿಲ್ಲ. ಕಾರಣ ಸರಳ: ನೀರಿನಲ್ಲಿ ನಿಂತ ಮರವನ್ನು ಕೊರೆಯುವ ಜೀವಿಗಳಿಗೂ ಕೊಳೆಸುವ ಶಿಲೀಂಧ್ರಗಳಿಗೂ ಆಮ್ಲಜನಕ ಬೇಕು. ಕೆಸರಿನ ಒಳಗೆ ಅದು ಇಲ್ಲ. ಹೂತ ಭಾಗ ಏಳು ಶತಮಾನ ಬದುಕಿತು, ಮೇಲಿನದು ಹೋಯಿತು.

ಇಷ್ಟು ಗೂಟಗಳನ್ನು ಗುಟ್ಟಾಗಿ ನೆಟ್ಟದ್ದು ಹೇಗೆ ಎಂಬ ಪ್ರಶ್ನೆಗೂ ಅದೇ ನಿಧಾನದ ಇಳಿತ ಅರ್ಧ ಉತ್ತರ ಕೊಡುತ್ತದೆ. ದೊಡ್ಡ ಇಳಿತದ ದಿನಗಳಲ್ಲಿ ನದಿಯ ಕೆಸರು ಒಂದೇ ಸಮನೆ ಹಲವು ಗಂಟೆ ತೆರೆದಿರುತ್ತದೆ, ಆಳುಗಳಿಗೆ ಅವಸರವಿಲ್ಲ. ನೀರು ತುಂಬಿದಾಗ ಕೆಂಪು ನದಿಯ ಬಯಲಿನ ಹೂಳು ತುಂಬಿದ ಕಲಕು ನೀರಿನಲ್ಲಿ ಏನೂ ಕಾಣುವುದಿಲ್ಲ. ನದಿಯನ್ನು ಇಡಿಯಾಗಿ ಅಡ್ಡಗಟ್ಟಬೇಕಾಗಿಯೂ ಇರಲಿಲ್ಲ. ಮುಖ್ಯ ಪ್ರವಾಹದಲ್ಲಿ ಗೆನ್ ಕೊಕ್ ಎಂಬ ಬಂಡೆಗಳ ಸಾಲು ಸಹಜ ತಡೆಯಾಗಿ ಇದೆ. ಗೂಟಗಳು ಸಿಕ್ಕಿರುವುದು ಸಮುದ್ರಕ್ಕೆ ನುಸುಳಬಹುದಾದ ಕವಲುಗಳಲ್ಲಿ.

2005ರ ನಂತರ ದಾಂಗ್ ವಾನ್ ಮುಯಿ, ದಾಂಗ್ ಮಾ ಙುವಾ ಎಂಬ ಬಯಲುಗಳಲ್ಲಿ ಇನ್ನಷ್ಟು ಗೂಟಗಳು ಬೆಳಕಿಗೆ ಬಂದವು. 2019ರಲ್ಲಿ ನದಿಯ ಆಚೆ ದಡಕ್ಕೆ, ಹೈಫಾಂಗ್ ಕಡೆಯ ಕಾವ್ ಕ್ವಿಯಲ್ಲಿ, ಮತ್ತೊಂದು ಗುಂಪು ಸಿಕ್ಕಿತು. ಇಂಗಾಲ-14ರ ಪರೀಕ್ಷೆ ಇಂಥ ಮರದ ವಯಸ್ಸನ್ನು ಹಲವು ದಶಕಗಳ ಅಗಲದ ಕಿಟಕಿಯೊಳಗೆ ಹೇಳಬಲ್ಲದು, ವರ್ಷವನ್ನಲ್ಲ. ಅಂದರೆ ಅದು 938ರ ಗೂಟವನ್ನು 1288ರ ಗೂಟದಿಂದ ಬೇರ್ಪಡಿಸುತ್ತದೆ, ಆದರೆ ಒಂದು ನಿರ್ದಿಷ್ಟ ಗೂಟವನ್ನು ಆ ಏಪ್ರಿಲ್ ದಿನಕ್ಕೇ ಕಟ್ಟಿಹಾಕಲಾರದು. ತೊಗಟೆ ಉಳಿದಿರುವುದು ಇಲ್ಲಿ ಅದೃಷ್ಟ. ಮರದ ತಿರುಳು ಮರ ಕಡಿಯುವುದಕ್ಕಿಂತ ಎಷ್ಟೋ ವರ್ಷ ಮೊದಲಿನದಾಗಿರುತ್ತದೆ. ತೊಗಟೆಯಡಿಯ ಕೊನೆಯ ಪದರ ಮಾತ್ರ ಕಡಿದ ಕಾಲದ್ದು.

ಏಳು ಶತಮಾನದ ಹೂಳು ಮತ್ತು ಒಡ್ಡುಗಳಿಂದಾಗಿ ಈಗ ಆ ಕವಲುಗಳ ಜಾಗದಲ್ಲಿ ಭತ್ತದ ಗದ್ದೆ, ಮೀನಿನ ಹೊಂಡಗಳಿವೆ. ಅಗೆದು ತೆಗೆದ ಗೂಟ ಗಾಳಿಗೆ ಒಣಗಿದರೆ ಸೀಳಿ ಹಾಳಾಗುತ್ತದೆ. ಆದ್ದರಿಂದ ಯೆನ್ ಜಾಂಗ್‌ನಲ್ಲಿ ಗೂಟಗಳ ಸುತ್ತ ಕಟ್ಟೆ ಕಟ್ಟಿ, ಅವನ್ನು ಇದ್ದಲ್ಲಿಯೇ ನೀರಿನಲ್ಲಿ ಇಡಲಾಗಿದೆ. ಇನ್ನೂ ಸಿಗದ ಸಾಲುಗಳನ್ನು ಹುಡುಕಬೇಕಾದರೆ ಮೊದಲು 1288ರ ನದಿಯ ಹರಿವನ್ನು ಮಣ್ಣಿನ ಪದರಗಳಿಂದ ಮತ್ತೆ ಬರೆಯಬೇಕು. ಇಂದಿನ ನಕ್ಷೆಯ ನದಿ ಅದಲ್ಲ.