ಕೇಬಲ್ಲಿನಲ್ಲಿ ಶಬ್ದವಿಲ್ಲ

ಹೊಸ ಕೀಬೋರ್ಡ್ ಕೊಂಡವರು ಸ್ಟುಡಿಯೊಗೆ ಫೋನ್ ಮಾಡಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಸರ್, ಯುಎಸ್‌ಬಿ ಕೇಬಲ್ ಹಾಕಿದ್ದೇನೆ, ಕಂಪ್ಯೂಟರಿನಲ್ಲಿ ಶಬ್ದವೇ ಬರುತ್ತಿಲ್ಲ. ಪೋರ್ಟ್ ಕೆಟ್ಟಿದೆಯೇ?” ಬಹುಪಾಲು ಏನೂ ಕೆಟ್ಟಿರುವುದಿಲ್ಲ. ಇತ್ತೀಚಿನ ಕೆಲವು ಮಾದರಿಗಳನ್ನು ಬಿಟ್ಟರೆ, ಆ ಕೇಬಲ್ಲಿನಲ್ಲಿ ಶಬ್ದ ಬರುವುದೇ ಇಲ್ಲ.

ಬರುವುದು ಮಿಡಿ ಸಂದೇಶ, ಅಂದರೆ ಏನು ನುಡಿಸಿದಿರಿ ಎಂದು ತಿಳಿಸುವ ಅಂಕಿಗಳು. ಮಧ್ಯದ ‘ಸಿ’ ಒತ್ತಿದರೆ ಮೂರು ಬೈಟ್ ಹೊರಡುತ್ತವೆ. ಇಂಥ ಚಾನೆಲ್‌ನಲ್ಲಿ (ಸಂದೇಶ ಸಾಗುವ ಹದಿನಾರು ದಾರಿಗಳಲ್ಲೊಂದು) ಒಂದು ಮನೆ (ಕೀ) ಒತ್ತಲಾಯಿತು ಎಂದು ಮೊದಲನೆಯದು ಹೇಳುತ್ತದೆ. ಎರಡನೆಯದು ಆ ಮನೆಯ ಸಂಖ್ಯೆ, 60. ಮೂರನೆಯದು ಒತ್ತಿದ ರಭಸವನ್ನು 1ರಿಂದ 127ರೊಳಗೆ ತಿಳಿಸುವ ಅಂಕಿ. ಬೆರಳೆತ್ತಿದಾಗ ಮತ್ತೊಂದು ಸಂದೇಶ. ಒತ್ತಿ ಹಿಡಿದಿರುವಾಗಲೇ ಕೇಬಲ್ ಕಿತ್ತರೆ ಆ ಎರಡನೆಯ ಸಂದೇಶ ತಲುಪದೆ ಸ್ವರ ನಿಲ್ಲದೆ ಮೊರೆಯುತ್ತಲೇ ಇರುವುದು ಇದರಿಂದಾಗಿಯೇ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ವಾದ್ಯಗಳ ವ್ಯಾಪಾರ ಮೇಳದಲ್ಲಿ ಸೀಕ್ವೆನ್ಷಿಯಲ್ ಕಂಪನಿಯ ಪ್ರಾಫೆಟ್-600 ಮತ್ತು ರೋಲ್ಯಾಂಡ್‌ನ ಜೂಪಿಟರ್-6 ಸಿಂಥಸೈಜರ್‌ಗಳನ್ನು ಜೋಡಿಸಿ ತೋರಿಸಿದ ಭಾಷೆಯೇ ಇಂದಿನ ಯುಎಸ್‌ಬಿ ತಂತಿಯಲ್ಲೂ ಓಡುತ್ತಿದೆ. ಈ ಅಂಕಿಗಳನ್ನು ಓದಿ ನುಡಿಸಲು ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ವಾದ್ಯ ತೆರೆದಿರಬೇಕು. ಅದಿಲ್ಲದಿದ್ದರೆ ಮೌನವೇ ಗತಿ.

ಕೇಬಲ್ ವಿಚಾರ ಚಿಕ್ಕದು. ಅನೇಕ ಕೀಬೋರ್ಡ್‌ಗಳ ಹಿಂಬದಿಯಲ್ಲಿ ‘ಟು ಹೋಸ್ಟ್’ ಎಂದು ಬರೆದ ಚೌಕದ ಕಿಂಡಿ ಇರುತ್ತದೆ. ಪ್ರಿಂಟರಿನ ಕೇಬಲ್ ಅದಕ್ಕೆ ಸರಿಹೊಂದುತ್ತದೆ. ಪಕ್ಕದ ಚಪ್ಪಟೆ ಕಿಂಡಿ ಪೆನ್‌ಡ್ರೈವ್‌ಗೆ. ಸ್ವಂತ ಶಬ್ದವಿಲ್ಲದೆ ಸಂದೇಶ ಮಾತ್ರ ಕಳಿಸುವ ಸಣ್ಣ ಕಂಟ್ರೋಲರ್‌ಗಳಿಗೆ ಮೊಬೈಲ್ ಚಾರ್ಜರಿನ ಕೇಬಲ್ ಹಾಕಿದಾಗ ದೀಪ ಉರಿದರೂ ಕಂಪ್ಯೂಟರ್ ಗುರುತಿಸದಿದ್ದರೆ, ಅದು ಬರೀ ವಿದ್ಯುತ್ ಸಾಗಿಸುವ ಕೇಬಲ್ ಎಂದೇ ಮೊದಲು ಅನುಮಾನಿಸಬೇಕು. ಐದು ಪಿನ್ನಿನ ಗುಂಡು ಕಿಂಡಿಯ ಹಳೆಯ ವಾದ್ಯಕ್ಕೆ ಪರಿವರ್ತಕ ಬೇಕು: ವಾದ್ಯದ ‘ಔಟ್’ ಪರಿವರ್ತಕದ ‘ಇನ್’ಗೆ. ಬರಹ ಗೊಂದಲವಾಗಿದ್ದರೆ ಅದಲುಬದಲು ಮಾಡಿ ನೋಡಿ, ಏನೂ ಸುಟ್ಟುಹೋಗುವುದಿಲ್ಲ. ತೀರಾ ಅಗ್ಗದ ಪರಿವರ್ತಕವನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ವೇಗವಾಗಿ ನುಡಿಸಿದಾಗ ನಡುನಡುವೆ ಸಂದೇಶ ನುಂಗುವುದು ಅವುಗಳ ಚಾಳಿ.

ಮುಂದಿನ ದೂರು: ಒತ್ತಿದ ಮೇಲೆ ತಡವಾಗಿ ಕೇಳುತ್ತದೆ. ಬೈಗುಳ ಕೀಬೋರ್ಡಿಗೆ ಬೀಳುತ್ತದೆ, ತಪ್ಪು ಅದರದ್ದಲ್ಲ. ಹಳೆಯ ಐದು ಪಿನ್ನಿನ ದಾರಿಯಲ್ಲೂ ಮೂರು ಬೈಟ್ ಒಂದು ಮಿಲಿಸೆಕೆಂಡಿನೊಳಗೆ ತಲುಪುತ್ತವೆ. ಕಂಪ್ಯೂಟರ್ ಶಬ್ದವನ್ನು ಕಂತುಗಳಲ್ಲಿ ಸಿದ್ಧಪಡಿಸಿ ಹೊರಬಿಡುವುದರಿಂದ ತಡವಾಗುತ್ತದೆ. ಆ ಕಂತಿನ ಗಾತ್ರಕ್ಕೆ ಬಫರ್ ಎನ್ನುತ್ತಾರೆ. ಸೆಕೆಂಡಿಗೆ 44,100 ಶಬ್ದದ ತುಣುಕುಗಳ (ಸ್ಯಾಂಪಲ್) ದರದಲ್ಲಿ ಬಫರ್ 1024 ತುಣುಕು ಇದ್ದರೆ 23 ಮಿಲಿಸೆಕೆಂಡ್ ಅಲ್ಲೇ ಕಳೆಯಿತು. 256ಕ್ಕೆ ಇಳಿಸಿದರೆ ಸುಮಾರು ಆರು. ಹತ್ತು ಮಿಲಿಸೆಕೆಂಡ್ ಎಂದರೆ ಸ್ಪೀಕರಿನಿಂದ ಮೂರೂವರೆ ಮೀಟರ್ ದೂರ ಕುಳಿತಷ್ಟೇ, ಬೆರಳು ಹೊಂದಿಕೊಳ್ಳುತ್ತದೆ. ಇನ್ನೂ ಇಳಿಸಲು ಹೋದರೆ ಸಾಧಾರಣ ಲ್ಯಾಪ್‌ಟಾಪ್ ಪಟಪಟ ಎನ್ನತೊಡಗುತ್ತದೆ. ವಿಂಡೋಸ್ ಬಳಸುವವರು ಈ ತಡವನ್ನು ತಗ್ಗಿಸುವ ತಂತ್ರಾಂಶವಾದ ಎಎಸ್‌ಐಒ ಡ್ರೈವರ್ ಹಾಕಿಕೊಳ್ಳಲೇಬೇಕು. ಶಬ್ದಕ್ಕೆಂದೇ ಇರುವ ಹೊರಗಿನ ಸಾಧನ, ಅಂದರೆ ಆಡಿಯೊ ಇಂಟರ್‌ಫೇಸ್ ಇಲ್ಲದಿದ್ದರೆ ಉಚಿತವಾದ ಎಎಸ್‌ಐಒಫಾರ್‌ಆಲ್ ಸಾಕು. ಮ್ಯಾಕ್‌ನಲ್ಲಿ ಈ ತಾಪತ್ರಯವಿಲ್ಲ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ತಡವಾಗುತ್ತದೆ ಎನ್ನುವವರಿಗೆ ಮಾತ್ರ ನನ್ನಲ್ಲಿ ಮದ್ದಿಲ್ಲ.

ಒಂದೇ ಮನೆ ಒತ್ತಿದರೆ ಎರಡು ಸ್ವರ ಕೇಳುತ್ತಿದೆಯೇ? ಕೀಬೋರ್ಡ್ ತನ್ನ ಶಬ್ದವನ್ನೂ ಸಾಫ್ಟ್‌ವೇರ್ ತನ್ನದನ್ನೂ ನುಡಿಸುತ್ತಿವೆ. ಕೀಬೋರ್ಡಿನಲ್ಲಿ ‘ಲೋಕಲ್ ಕಂಟ್ರೋಲ್’ ಆಫ್ ಮಾಡಿ, ಅದರ ಸ್ವಂತ ಶಬ್ದ ನಿಲ್ಲುತ್ತದೆ. ಕಛೇರಿಗೆ ಒಯ್ಯುವ ಮುನ್ನ ಮತ್ತೆ ಆನ್ ಮಾಡುವುದು ನೆನಪಿರಲಿ, ಇಲ್ಲದಿದ್ದರೆ ವೇದಿಕೆಯ ಮೇಲೆ ವಾದ್ಯ ಬಾಯಿ ಬಿಡುವುದಿಲ್ಲ.

ನಮ್ಮ ಸಂಗೀತದವರಿಗೆ ನಿಜವಾದ ತೊಡಕು ಎದುರಾಗುವುದು ಗಮಕದಲ್ಲಿ. ಎಡಗಡೆಯ ಪಿಚ್ ಬೆಂಡ್ ಚಕ್ರ ಎಷ್ಟು ತಿರುಗಿದೆ ಎಂಬುದನ್ನಷ್ಟೇ ಕಳಿಸುತ್ತದೆ, ಅದೂ 16,384 ಹಂತಗಳಲ್ಲಿ. ಅಷ್ಟು ತಿರುಗಿಸಿದ್ದಕ್ಕೆ ಸ್ವರ ಎಷ್ಟು ಬಾಗಬೇಕು ಎಂಬುದು ಸಾಫ್ಟ್‌ವೇರ್ ವಾದ್ಯದ ತೀರ್ಮಾನ. ಸಾಮಾನ್ಯವಾಗಿ ಅದು ಮೇಲಕ್ಕೆ ಎರಡು ಮನೆ, ಕೆಳಕ್ಕೆ ಎರಡು ಮನೆ, ಕರಿ ಬಿಳಿ ಎರಡನ್ನೂ ಎಣಿಸಿ. ತೋಡಿಯ ಗಾಂಧಾರ ಮಧ್ಯಮದತ್ತ ತೂಗುವುದಕ್ಕೆ ಇದು ಹೇಗೋ ಸಾಕಾದೀತು. ಷಡ್ಜದಿಂದ ಪಂಚಮಕ್ಕೆ ಜಾರು ಎಳೆಯಲು ಏಳು ಮನೆ ಬೇಕು. ಕೀಬೋರ್ಡಿನ ಮೆನುವಿನಲ್ಲಿ ಏಳು ಎಂದು ಬರೆದು, ಸಾಫ್ಟ್‌ವೇರಿನಲ್ಲಿ ಎರಡನ್ನೇ ಬಿಟ್ಟು, ಅಪಸ್ವರ ಎಂದು ದೂರುವವರೇ ಹೆಚ್ಚು. ಎರಡೂ ಕಡೆ ಒಂದೇ ಅಂಕಿ ಇಡಿ. ಹನ್ನೆರಡು ಇಟ್ಟುಕೊಂಡರೆ ಬೆರಳು ಕೂದಲೆಳೆಯಷ್ಟು ಅಲುಗಿದರೂ ಸ್ವರ ತಪ್ಪುತ್ತದೆ. ಜಾರು ಕಡಿಮೆ ಬಳಸುವವರಿಗೆ ನಾನು ಸೂಚಿಸುವುದು ಐದು. ಇನ್ನೊಂದು ಸಂಗತಿ: ಬೆಂಡ್ ಒಂದು ಸ್ವರಕ್ಕಲ್ಲ, ಇಡೀ ಚಾನೆಲ್ಲಿಗೆ ಅನ್ವಯಿಸುತ್ತದೆ. ಎಡಗೈಯ ಶ್ರುತಿಯೂ ಅದೇ ಚಾನೆಲ್‌ನಲ್ಲಿದ್ದರೆ ಗಮಕದ ಜೊತೆ ಆಧಾರ ಷಡ್ಜವೂ ತೂಗಾಡುತ್ತದೆ. ಹದಿನಾರು ಚಾನೆಲ್‌ಗಳಿವೆ, ಶ್ರುತಿಗೆ ಬೇರೊಂದನ್ನು ಕೊಡಿ.